ಬರ್ನಡೆಟ್ ಹಾಕಿದ ಬೀಗ

ತೊಂಬತ್ತರ ದಶಕದಲ್ಲಿ, ಪಿಟ್ಸ್‌ಬರ್ಗಿನ ನಮ್ಮ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋಣೆಯಲ್ಲಿ ಬರ್ನಡೆಟ್ ಸ್ಟೂಪಾಕ್ ಜೊತೆ ಕೆಲಸ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ಹೆಮ್ಮೆ. ಗಂಟಲು ದೊಡ್ಡದು, ಹಟ ಅದಕ್ಕಿಂತ ದೊಡ್ಡದು. ತಾನು ಜಾಣೆ ಎಂಬುದನ್ನು ಅವಳು ಯಾರಿಂದಲೂ ಮುಚ್ಚಿಟ್ಟವಳಲ್ಲ.

ನಮ್ಮಲ್ಲಿ ಪ್ರತಿಯೊಬ್ಬರ ಕಡತಗಳೂ ವಾಲ್ಯೂಮ್ ಎಂಬ ಒಂದೊಂದು ಕಟ್ಟಿನಲ್ಲಿ ಇರುತ್ತಿದ್ದವು. ಯಾವ ವಾಲ್ಯೂಮ್ ಯಾವ ಸರ್ವರಿನಲ್ಲಿದೆ ಎಂದು ಹೇಳಲು ಒಂದು ದಾಖಲೆ. ಆ ದಾಖಲೆಯ ಮೇಲೆ ಸಂಶಯ ಬಂದರೆ ಅದಕ್ಕೆ ಬೀಗ ಹಾಕುವ ಆದೇಶವೊಂದಿತ್ತು. ಬೀಗ ಬಿದ್ದರೂ ಕಡತದ ಒಡೆಯರು ಓದಬಹುದು, ಬರೆಯಬಹುದು. ನೋಡಿಕೊಳ್ಳುವ ನಾವು ಮಾತ್ರ ವಾಲ್ಯೂಮನ್ನು ಸಾಗಿಸುವಂತಿಲ್ಲ, ಅಳಿಸುವಂತಿಲ್ಲ. ಆದರೆ ಬೀಗ ಹಾಕಿದವರು ಯಾರು ಎಂದು ಅದು ಹೇಳುತ್ತಿರಲಿಲ್ಲ. ಅರ್ಧಕ್ಕೆ ನಿಂತ ಕೆಲಸಗಳು ಬಿಟ್ಟುಹೋದ ಅನಾಥ ಬೀಗಗಳೂ ಬೇಕಾದಷ್ಟಿರುತ್ತಿದ್ದವು. ಅದಕ್ಕೇ ನಮ್ಮ ಮೇಲಧಿಕಾರಿ ಲೈಲ್ ಹಟನ್ ಶುಕ್ರವಾರ ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ತೆಗೆಸುತ್ತಿದ್ದ.

ಇದನ್ನು ಕಂಡರೆ ಬರ್ನಡೆಟ್‌ಗೆ ಮೈಯೆಲ್ಲ ಉರಿ. ಅವಳ ಅಪ್ಪ ನದಿ ದಂಡೆಯ ಉಕ್ಕಿನ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದವನು. ಯಂತ್ರದೊಳಗೆ ಇಳಿಯುವ ಮುಂಚೆ ಸ್ವಿಚ್ಚಿಗೆ ತನ್ನ ಬೀಗ ಹಾಕಿ, ಹೆಸರಿನ ಚೀಟಿ ಕಟ್ಟಿ, ಕೀಲಿಯನ್ನು ಜೇಬಿಗಿಳಿಸುತ್ತಿದ್ದ. ಅವನೇ ಹೊರಬಂದು ತೆಗೆಯುವ ತನಕ ಮ್ಯಾನೇಜರೂ ಅದನ್ನು ಮುಟ್ಟುವಂತಿರಲಿಲ್ಲ. ಆ ಪದ್ಧತಿಯನ್ನು ಮಗಳು ಇಲ್ಲಿಗೆ ತಂದಳು. ದಾಖಲೆಗೆ ಬೀಗ ಹಾಕಿದಾಗಲೆಲ್ಲ ಗೋಡೆಯ ಬೋರ್ಡಿಗೆ ಒಂದು ಹಿತ್ತಾಳೆ ಬೀಗ ನೇತುಹಾಕುವಳು. ಚೀಟಿಯಲ್ಲಿ ವಾಲ್ಯೂಮಿನ ಹೆಸರು, ಕೆಳಗೆ ತನ್ನ ಹೆಸರು. ಜೊತೆಯವರು ನಕ್ಕರು. ಅವಳು ಕ್ಯಾರೇ ಅನ್ನಲಿಲ್ಲ.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಶುಕ್ರವಾರ ಬೆಳಿಗ್ಗೆ ಅವಳು ಚರ್ಚಿನ ನೆಲಮಾಳಿಗೆಗೆ ಪಿರೋಗಿ ಎಂಬ ಕಡುಬು ಮಡಿಚಲು ಹೋಗುವುದು ವಾಡಿಕೆ. ಅಂಥದೊಂದು ಶುಕ್ರವಾರ ಬೋರ್ಡಿನಲ್ಲಿ ಇರೀನ್ ಬಲೋಗ್‌ಳ ವಾಲ್ಯೂಮಿನ ಬೀಗ ತೂಗುತ್ತಿತ್ತು. ಇರೀನ್ ನದಿಗಳ ಪ್ರವಾಹದ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿ, ಪ್ರಬಂಧ ಒಪ್ಪಿಸುವ ದಿನ ಹತ್ತಿರದಲ್ಲಿತ್ತು. ಹಿಂದಿನ ಸಂಜೆ ಅವಳ ವಾಲ್ಯೂಮನ್ನು ಹಳೆಯ ಸರ್ವರಿನಿಂದ ಹೊಸದಕ್ಕೆ ಸಾಗಿಸುವಾಗ ನಡುವೆಯೇ ಹೊಸದು ಕೆಟ್ಟು ನಿಂತಿತ್ತು. ಅದು ಮತ್ತೆ ಏಳುವ ತನಕ ಯಾವ ನಕಲು ಪೂರ್ತಿ ಎಂದು ಹೇಳುವಂತಿರಲಿಲ್ಲ; ಬರ್ನಡೆಟ್ ಬೀಗ ಹಾಕಿ ಮನೆಗೆ ಹೋಗಿದ್ದಳು. ಬೆಳಿಗ್ಗೆ ಹೊಸದು ಎದ್ದಿತು. ಇರೀನ್ ತೆರೆದು ನೋಡಿದರೆ ಕೊನೆಯ ಅಧ್ಯಾಯವೇ ಇಲ್ಲ. ಟೇಪಿನ ನಕಲು ಹಳೆಯದು, ಅದರಲ್ಲೂ ಇಲ್ಲ. ಹುಡುಗಿ ಬಿಳಿಚಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳ ಪಕ್ಕದಲ್ಲೇ ಹಳೆಯ ಸರ್ವರನ್ನು ಒಯ್ಯುವವರು ತಳ್ಳುಗಾಡಿ ಹಿಡಿದು ನಿಂತಿದ್ದರು.

"ಎಲ್ಲಾ ಬೀಗ ತೆಗೆದುಹಾಕು," ಎಂದ ಲೈಲ್ ನನಗೆ. "ಹಳೇದ್ರಲ್ಲಿ ಉಳ್ದಿದ್ದನ್ನ ಒರೆಸಿ ಕಳಿಸ್ಬಿಡೋಣ. ದಾಖಲೆ ಪ್ರಕಾರ ಈ ವಾಲ್ಯೂಮ್ ಹೊಸದಕ್ಕೆ ಹೋಗಾಯ್ತಲ್ಲ."

"ಅದೊಂದು ಬಿಟ್ಟು ಮಿಕ್ಕಿದ್ದು ತೆಗೀತೀನಿ. ಅದ್ರ ಮೇಲೆ ಬರ್ನಿ ಹೆಸರಿದೆ."

"ಇದೇನು ಉಕ್ಕಿನ ಕಾರ್ಖಾನೇನಾ? ಸರಿ ಅತ್ಲಾಗೆ." ನನ್ನನ್ನು ಎಬ್ಬಿಸಿ ತಾನೇ ಕೀಬೋರ್ಡಿನ ಮುಂದೆ ಕೂತ.

ಅವನು ಬೀಗಗಳ ಪಟ್ಟಿ ನೋಡುತ್ತಿರುವಷ್ಟರಲ್ಲಿ ನಾನು ಚರ್ಚಿಗೆ ಫೋನ್ ಮಾಡಿ, ಬರ್ನಡೆಟ್‌ಳನ್ನು ಫೋನಿಗೆ ಕರೆಸಿ, ವಿಷಯ ಹೇಳಿ, ರಿಸೀವರನ್ನು ಅವನ ಕಿವಿಗೆ ಹಿಡಿದೆ. ಅವಳ ದನಿ ನನಗೂ ಕೇಳುತ್ತಿತ್ತು.

"ಲೈಲ್, ನಾನು ಯಂತ್ರದೊಳಗೆ ಇದೀನಿ ಅಂದ್ಕೊಳ್ಳಿ. ಈಗ ಸ್ವಿಚ್ ಹಾಕ್ತೀರಾ?"

ನಮ್ಮೂರಿನಲ್ಲಿ ಹುಟ್ಟಿ ಬೆಳೆದವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೈಲ್ ಕೀಬೋರ್ಡಿನಿಂದ ಕೈ ತೆಗೆದ.

"ಬೇಗ ಬಾ ಮಾರಾಯ್ತಿ," ಎಂದ.

ಮೊಣಕೈ ತನಕ ಹಿಟ್ಟು ಮೆತ್ತಿಕೊಂಡೇ ಅವಳು ಬಂದಳು. ಹಳೆಯ ಸರ್ವರಿನೊಳಗೆ ಹುಡುಕಿದಳು, ಎರಡೂ ನಕಲುಗಳನ್ನು ಹೋಲಿಸಿದಳು. ಪೂರ್ತಿ ಇದ್ದದ್ದು ಹಳೆಯದರಲ್ಲೇ. ದಾಖಲೆಯನ್ನು ತಿದ್ದಿ ಅತ್ತ ತಿರುಗಿಸಿದ ಮೇಲೆ ಇರೀನ್‌ಳನ್ನು ಕರೆದಳು.

"ಬಾ ಕಣೇ, ನೀನೇ ನೋಡು. ನಾನು ಹೇಳಿದ್ರೆ ನಿಂಗೆ ನಂಬಿಕೆ ಬರಲ್ಲ."

ಇರೀನ್ ಕೊನೆಯ ಅಧ್ಯಾಯದ ಕೊನೆಯ ಸಾಲಿನ ತನಕ ಓದಿದಳು. ಆಮೇಲೆ ಹಿಟ್ಟಿನ ಕೈಯನ್ನೇ ಹಿಡಿದುಕೊಂಡು ಅತ್ತುಬಿಟ್ಟಳು. ನನ್ನ ಕಣ್ಣೂ ತೇವವಾಯಿತು, ನಾಚಿಕೆಯೇನಿಲ್ಲ. ಬರ್ನಡೆಟ್ ತಾನೇ ಬೀಗ ತೆಗೆದು, ವಾಲ್ಯೂಮನ್ನು ಮತ್ತೆ ಸಾಗಿಸಿ, ಅದು ಪೂರ್ತಿ ತಲುಪಿದೆಯೇ ಎಂದು ನೋಡಿದಳು. ತಳ್ಳುಗಾಡಿಯವರು ಅಷ್ಟೂ ಹೊತ್ತು ಕಾಫಿ ಕುಡಿಯುತ್ತ ಕಾದರು.

ಎಲ್ಲ ಮುಗಿದ ಮೇಲೆ ಲೈಲ್ ಅವಳ ಮೇಜಿನ ಹತ್ತಿರ ಬಂದ.

"ಅಲ್ಲ ಬರ್ನಿ, ಹಳೇದ್ರಲ್ಲೂ ಏನೂ ಇಲ್ದೇ ಹೋಗಿದ್ರೆ? ಇಷ್ಟು ಜನಾನ ಸುಮ್ನೆ ಕಾಯಿಸಿದ್ದಕ್ಕೆ ಏನು ಹೇಳ್ತಿದ್ದೆ?"

ಅವಳು ಉಗುರಿನ ಸಂದಿಯ ಹಿಟ್ಟು ಕೆರೆಯುತ್ತ, ತಲೆ ಎತ್ತದೆ ಹೇಳಿದಳು: "ಏನೂ ಹೇಳ್ತಿರ್ಲಿಲ್ಲ. ಯಾರನ್ನ ಬೈಬೇಕು ಅಂತ ನಿಮಗೆ ಗೊತ್ತಾಗ್ಲಿ ಅಂತಾನೇ ಹೆಸರು ಬರ್ದಿದ್ದು."