ಎರಡನೇ ಸಲ ಕೇಳದ ರೊಟ್ಟಿ

ನಿಮ್ಮ ಅಜ್ಜನ ಬಲಗೈಯ ಕಿರುಬೆರಳು ಯಾಕೆ ಸೊಟ್ಟಗಿತ್ತು ಎಂದು ನೀವು ಕೇಳುತ್ತಿದ್ದಿರಿ. ಅವರು ನಕ್ಕು ಮಾತು ಬದಲಿಸುತ್ತಿದ್ದರು. ಅದರಲ್ಲಿ ನನ್ನದೂ ಪಾಲಿದೆ. ಎದುರಿಗೆ ಹೇಳಲು ನಾಚಿಕೆ, ಅದಕ್ಕೆ ಬರೆಯುತ್ತಿದ್ದೇನೆ.

ನಾವು ಆಗ ಬೈಕುಲ್ಲಾದಲ್ಲಿ, ಮಿಲ್ಲಿನವರು ಸಾಲಾಗಿ ವಾಸಿಸುವ ಚಾಳಿನ ಒಂದೇ ಖೋಲಿಯಲ್ಲಿದ್ದೆವು. ಮಿಲ್ಲಿನವರು ಇವರನ್ನು ಧಾರವಾಡದ ಕಡೆಯಿಂದ ಕರೆತಂದದ್ದು ತಮ್ಮ ಹಾಕಿ ಟೀಮಿನಲ್ಲಿ ಆಡಲಿಕ್ಕೆ. ಹೆಸರಿಗೆ ಗೋದಾಮಿನಲ್ಲಿ ಕೆಲಸ, ಅದೂ ಹಂಗಾಮಿ. ಟೀಮಿನಿಂದ ಬಿಟ್ಟರೆ ಕೆಲಸವೂ ಹೋಯಿತು. ಆ ವರ್ಷ ಕಪ್ ಗೆದ್ದರೆ ಫೈನಲ್ ಆಡಿದ ಹನ್ನೊಂದು ಮಂದಿಯನ್ನೂ ಕಾಯಂ ಮಾಡುತ್ತೇವೆ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ನಿಮ್ಮ ಅಪ್ಪ ಆಗ ನನ್ನ ಹೊಟ್ಟೆಯಲ್ಲಿದ್ದ.

ಅಷ್ಟರಲ್ಲಿ ಹೊಸ ಕೋಚ್ ಬಂದರು, ಮಿಲಿಟರಿಯಲ್ಲಿದ್ದ ಪಂಜಾಬಿ. ಬಂದವರೇ ಬೆಳಗಾವಿಯಿಂದ ಒಬ್ಬ ತರುಣ ಬ್ಯಾಕ್‌ನನ್ನು ಕರೆಸಿದರು. ಇವರೂ ಬ್ಯಾಕ್, ಗೋಲಿನ ಮುಂದೆ ನಿಂತು ತಡೆಯುವವರು. ಪೆನಾಲ್ಟಿ ಕಾರ್ನರ್ ಹೊಡೆಯುತ್ತಿದ್ದವರೂ ಇವರೇ. ಇನ್ನು ಮೇಲೆ ಹೊಸಬ ಹೊಡೆಯಲಿ ಎಂದರಂತೆ ಕೋಚ್. ಅದು ಸಾಲದೆಂಬಂತೆ, ಅವನು ಕನ್ನಡದವನು, ನಿನ್ನ ಮನೆಯಲ್ಲೇ ಉಣ್ಣಲಿ ಎಂದು ಕಳಿಸಿದರು.

ಇವರ ಜಾಗ ಕಿತ್ತುಕೊಳ್ಳಲು ಬಂದವನಿಗೆ ನಾನೇ ಬಡಿಸಬೇಕು. ಬಡಿಸಿದೆ. ಆದರೆ ಒತ್ತಾಯ ಮಾಡಲಿಲ್ಲ. ನಮ್ಮ ಕಡೆ ಊಟಕ್ಕೆ ಬಂದವರು ಬಾಯಿಬಿಟ್ಟು ಕೇಳುವುದಿಲ್ಲ, ಮನೆಯವರು ಎರಡು ಸಲ, ಮೂರು ಸಲ ಹೇಳಿದ ಮೇಲೆ ತಿನ್ನುತ್ತಾರೆ. ಅವನು ಎರಡು ರೊಟ್ಟಿ ತಿಂದು "ಸಾಕ್ರಿ ವೈನಿ" ಎನ್ನುತ್ತಿದ್ದ, ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ. ನಾನು ರೊಟ್ಟಿ ಬುಟ್ಟಿ ಮುಚ್ಚುತ್ತಿದ್ದೆ. ತಿಂಗಳ ಮೇಲೆ ಹೀಗೇ ನಡೆಯಿತು.

ಒಂದು ದಿನ ಇವರು ಪ್ರಾಕ್ಟೀಸಿನಿಂದ ಬಂದು ತಲೆ ಮೇಲೆ ಕೈಹೊತ್ತು ಕುಳಿತರು. "ಅವನ ಹೊಡೆತಕ್ಕ ಜೋರs ಇಲ್ಲ," ಎಂದರು.

"ಚಲೋ ಆತಲ್ಲ. ನೀವs ಹೊಡೀರಿ."

"ನಿನಗ ತಿಳಿಯೂದಿಲ್ಲ. ಕೋಚ್ ನಮ್ಮಿಬ್ಬರನ್ನೂ ಜೋಡಿ ಮಾಡ್ಯಾನ. ನಾ ಕೈಲೆ ಚೆಂಡ ನಿಲ್ಲಸಬೇಕು, ಅಂವ ಹೊಡೀಬೇಕು. ಅಂವ ನಡೀಲಿಲ್ಲಂದ್ರ ಬ್ಯಾರೆ ಜೋಡಿ ಹುಡುಕತಾನ. ಇಬ್ರೂ ಹೊರಗ."

ಆಗಿನ ಆಟದಲ್ಲಿ ಕಾರ್ನರ್‌ನ ಚೆಂಡನ್ನು ಒಬ್ಬ ಕೈಯಿಂದ ನಿಲ್ಲಿಸಿ, ಇನ್ನೊಬ್ಬ ಗೋಲಿಗೆ ಹೊಡೆಯಬಹುದಿತ್ತು. ಅದೆಲ್ಲ ನನಗೇನು ಗೊತ್ತು? ಎರಡೇ ರೊಟ್ಟಿ ಹಾಕಿ ಅವನನ್ನು ಎಬ್ಬಿಸುತ್ತಿದ್ದವಳು ನಾನು. ಫೈನಲ್‌ಗೆ ಮೂರೇ ವಾರ ಉಳಿದಿತ್ತು.

ಮರುದಿನ ಅವನ ತಟ್ಟೆಗೆ ಮೂರನೆಯ ರೊಟ್ಟಿ ಹಾಕಿದೆ.

"ಸಾಕ್ರಿ ವೈನಿ."

"ಸಾಕಂದ್ರ ಯಾರ ಕೇಳತಾರ? ಉಣ್ಣು."

ಅವನು ತಲೆಯೆತ್ತಿ ನನ್ನನ್ನು ನೋಡಿದ. ಇವರು ನಕ್ಕರು. "ತಿನ್ನೋ ಮಾರಾಯ, ನನ್ನ ನೌಕರಿ ನಿನ್ನ ಹೊಟ್ಟಿ ಮ್ಯಾಲ ಕುಂತೈತಿ."

ಅವನು ಐದು ತಿಂದ. ಮೂರು ವಾರವೂ ತುಪ್ಪ ಹಾಕಿ, ಆಣೆ ಇಟ್ಟು ತಿನ್ನಿಸಿದೆ. ಮಾಡಿದ್ದು ತಡವಾಯಿತೋ ಏನೋ ಎಂಬ ಹೆದರಿಕೆಗೆ ನನಗೇ ಊಟ ಇಳಿಯುತ್ತಿರಲಿಲ್ಲ.

ಫೈನಲ್ ದಿನ ನಾನು ಮೈದಾನಕ್ಕೆ ಹೋಗಲಿಲ್ಲ. ಸಂಜೆ ಚಾಳಿನ ಮೆಟ್ಟಿಲು ಹತ್ತಿ ಮೊದಲು ಬಂದವನು ಅವನೊಬ್ಬನೇ. ನಾನು ಅವನ ಹಿಂದೆ ಇವರನ್ನು ಹುಡುಕಿದೆ.

"ಗೆದ್ದಿವ್ರಿ ವೈನಿ. ಕಾರ್ನರ್‌ನಾಗ ಗೋಲ್ ಆತು. ಆದ್ರ ನಾ ಭಾಳ ಜೋರ ಹೊಡದೆ, ಅಣ್ಣ ಕೈ ತಗಿಯೂದರಾಗ ನನ್ನ ಸ್ಟಿಕ್ ಬೆರಳಿಗೆ ಬಡೀತು."

ಹಿಂದೆಯೇ ಇವರು ಬಂದರು, ಬಲಗೈಗೆ ದಪ್ಪ ಬ್ಯಾಂಡೇಜು. "ಬೆರಳು ಹೋಗ್ಲಿ ಬಿಡು, ಕಾಯಂ ಆತು," ಎಂದರು.

ಆ ರಾತ್ರಿ ರೊಟ್ಟಿ ಮುರಿದು ಇವರ ಬಾಯಿಗೆ ನಾನೇ ಇಟ್ಟೆ. ಪಕ್ಕದಲ್ಲಿ ಕುಳಿತ ಅವನು ಖಾಲಿ ತಟ್ಟೆ ನನ್ನ ಕಡೆ ಸರಿಸಿದ. "ವೈನಿ, ಇನ್ನೆರಡು ಹಾಕ್ರಿ. ಇವತ್ತ ನಾನs ಕೇಳತೀನಿ."

ಹಾಕಿದೆ. ಅವನ ಮುಖ ನೋಡಲು ಧೈರ್ಯ ಬರಲಿಲ್ಲ. ನಾನು ಬುಟ್ಟಿ ಮುಚ್ಚಿದ ಮೊದಲಿನ ಆ ತಿಂಗಳ ಮಾತು ಅವನು ಎಂದೂ ಎತ್ತಲಿಲ್ಲ. ನಿಮ್ಮ ಅಜ್ಜನಿಗೆ ನಾನೂ ಹೇಳಲಿಲ್ಲ.