ಏಷ್ಯಾದ ಮೇಲೆ ಬಿದ್ದ ಚಟ್ನಿ

ಪಾಠಕ್ಕೆಂದು ನಾನು ಒಯ್ಯುವ ಏಷ್ಯಾದ ನಕ್ಷೆ ಬಟ್ಟೆಯದು. ಮಡಿಚಿ ಮಡಿಚಿ ಹಿಮಾಲಯದುದ್ದಕ್ಕೂ ಎಳೆ ಬಿಟ್ಟಿದೆ. ಟಿಬೆಟ್ಟಿನ ಪೂರ್ವಕ್ಕೆ, ಸಿಚುವಾನ್ ಪ್ರಾಂತ್ಯದ ತುಸು ಕೆಳಗೆ, ಹಳೆಯ ನಾಲ್ಕಾಣೆಯಷ್ಟಗಲದ ಕೆಂಪು ಕಲೆಯೊಂದು ಕೂತಿದೆ. ತೊಳೆದರೆ ಹೋದೀತು ಎಂದು ಮನೆಯವಳು ಎರಡು ಸಲ ಕೇಳಿದಳು, ನಾನು ಕೊಡಲಿಲ್ಲ. ಯಾಕೆಂದು ನಿಮಗೆ ಹೇಳಿದರೆ ನನ್ನ ಮಾನ ಸ್ವಲ್ಪ ಹೋಗುತ್ತದೆ, ಹೋಗಲಿ.

ವಡಾಲದ ಕಾಲೇಜೊಂದರಲ್ಲಿ ಬಿ.ಎ. ಕೊನೆಯ ವರ್ಷದವರಿಗೆ ನಾನು ಕಲಿಸುವುದು ಏಷ್ಯಾದ ಸಂಸ್ಕೃತಿಗಳ ನಡುವಿನ ಕೊಡುಕೊಳ್ಳುವಿಕೆಯನ್ನು. ರೇಷ್ಮೆ ಹೋದ ದಾರಿ, ಕಾಗದ ಬಂದ ದಾರಿ, ಭಿಕ್ಷುಗಳು ಗ್ರಂಥ ಹೊತ್ತು ದಾಟಿದ ಕಣಿವೆ, ಅರಬ್ಬರ ಹಾಯಿಹಡಗಿಗೆ ಕಾದು ಕೂತ ಮಲಬಾರಿನ ಕಾಳುಮೆಣಸು, ಇವನ್ನೆಲ್ಲ ಬೋರ್ಡಿನ ಮೇಲೆ ಬಾಣದ ಗುರುತುಗಳಾಗಿ ಎಳೆಯುವುದೆಂದರೆ ನನಗೆ ಎಲ್ಲಿಲ್ಲದ ಖುಷಿ. ದೂರದ್ದು, ಹಳೆಯದು ಎಂದರೆ ಗೌರವ ತಾನಾಗಿ ಹುಟ್ಟುತ್ತದೆ. ರಸ್ತೆಯಾಚೆಯದು, ನಿನ್ನೆ ಮೊನ್ನೆಯದು ಎಂದರೆ ಮೂಗು ತಾನಾಗಿ ಮುರಿಯುತ್ತದೆ. ಇದು ನಮ್ಮಂಥ ಮೇಷ್ಟ್ರುಗಳಿಗೆ ಅಂಟಿದ ಕಾಯಿಲೆ.

ಹಾಗಾಗಿಯೇ ಒಂದು ದಿನ, ಬೆರೆತದ್ದೆಲ್ಲ ವಿನಿಮಯವಲ್ಲ ಎಂದು ತೋರಿಸುವ ಹುರುಪಿನಲ್ಲಿ, ಸ್ಟೇಷನ್ ಎದುರಿನ ಹೋಟೆಲಿನ, ಸಿಚುವಾನಿನ ಹೆಸರು ಹೊತ್ತ ಶೆಜ್ವಾನ್ ದೋಸೆಯನ್ನು ಉದಾಹರಣೆಗೆ ಎಳೆದೆ. ಅದು ಎರಡು ಸಂಸ್ಕೃತಿಗಳ ಭೇಟಿಯಲ್ಲ, ಆಕ್ಸಿಡೆಂಟು ಎಂದೆ. ತರಗತಿ ಗೊಳ್ಳೆಂದಿತು. ಮರುದಿನದಿಂದ ಶ್ರಾವ್ಯ ಎಂಬ ಹುಡುಗಿ ಬರುವುದನ್ನು ನಿಲ್ಲಿಸಿದಳು. ಮೂರು ವಾರದ ಮೇಲೆ ಆಫೀಸಿನಿಂದ ಪಟ್ಟಿ ಬಂತು: ಇನ್ನು ನಾಲ್ಕು ಪಾಠ ತಪ್ಪಿದರೆ ಅವಳಿಗೆ ಹಾಜರಿ ಸಾಲದು, ಪರೀಕ್ಷೆಗೆ ಕೂರಿಸುವಂತಿಲ್ಲ. 'ಈಗಿನ ಮಕ್ಕಳೇ ಹೀಗೆ' ಎಂದು ನಿಟ್ಟುಸಿರಿಟ್ಟು ಸಹಿ ಹಾಕಿದೆ. ಎರಡು ಸಂಗತಿಗಳನ್ನು ಒಂದಕ್ಕೊಂದು ಜೋಡಿಸಿ ನೋಡುವುದನ್ನೇ ಕಲಿಸುವವನಿಗೆ ಇವೆರಡನ್ನು ಜೋಡಿಸಲು ಹೊಳೆಯಲಿಲ್ಲ.

ಬೈದದ್ದು ಆ ಹೋಟೆಲನ್ನು. ಒಂಬತ್ತು ವರ್ಷದಿಂದ ಬೆಳಗಿನ ಇಡ್ಲಿ ತಿನ್ನುತ್ತಿರುವುದೂ ಅಲ್ಲಿಯೇ. ಅದೇ ವಾರ, ದೋಸೆ ಕಾವಲಿಯ ಮುಂದೆ ನಿಲ್ಲುವ ಕುಂದಾಪುರದ ರಾಘಣ್ಣ ಕೈ ಒರೆಸಿಕೊಳ್ಳುತ್ತ ನನ್ನ ಮೇಜಿಗೆ ಬಂದರು.

"ಹ್ವಾಯ್ ಮೇಷ್ಟ್ರೇ, ನಮ್ಮ್ ಶ್ರಾವ್ಯ ನಿಮ್ ಕ್ಲಾಸೇ ಅಲ್ದಾ? ಕಾಲೇಜಿಗ್ ಹೋತಿಲ್ಲೆ. ಎಂತಾಯ್ತ್ ಅಂತ ಕೇಂಡ್ರೆ ಬಾಯೇ ಬಿಡುದಿಲ್ಲೆ. ನೀವೊಂದ್ ಮಾತ್ ಹೇಳಿ."

ಇಷ್ಟು ವರ್ಷ ಅವರ ಕಾವಲಿಯ ಸದ್ದು ಕೇಳುತ್ತ ಪೇಪರ್ ಓದಿದವನಿಗೆ ಅವರ ಮಗಳು ನನ್ನ ತರಗತಿಯಲ್ಲಿರುವುದು ಗೊತ್ತಿರಲಿಲ್ಲ. ಸುಳ್ಳು ಹೇಳಿ ಪಾರಾಗಬಹುದಿತ್ತು, ಮನಸ್ಸು ಬರಲಿಲ್ಲ. ಅಂದಿದ್ದನ್ನು ಅಂದ ಹಾಗೇ ಹೇಳಿ, ನಾಚಿಕೆಯಿಂದ ಎದ್ದು ನಿಂತೆ. ಅವರು ನನ್ನ ಇಡ್ಲಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನೀವ್ ಅದನ್ನ್ ತಿಂದ್ ಕಂಡಿರಾ?"

"ಇಲ್ಲ."

"ಹಾಂಗಾರೆ ಕೂಕಣಿ."

ಮತ್ತೆ ಕೂತೆ. ದೋಸೆ ಬಂತು, ಅದರ ಹಿಂದೆಯೇ ಕಥೆಯೂ ಬಂತು. ಬಾಟಲಿಯ ಸಾಸ್ ದೋಸೆಗೆ ಹೊಂದದೆಂದು ರಾಘಣ್ಣ, ಪಕ್ಕದ ಚೈನೀಸ್ ಕೌಂಟರಿನ ಪ್ರೇಮ್ ಎಂಬ ಡಾರ್ಜಿಲಿಂಗಿನವನೊಡನೆ ತಿಂಗಳುಗಟ್ಟಲೆ ಗುದ್ದಾಡಿ, ಬ್ಯಾಡಗಿ ಮೆಣಸನ್ನು ನೆನೆಸಿ ಬೆಳ್ಳುಳ್ಳಿ ಶುಂಠಿಯೊಡನೆ ಅರೆದು ಬಾಡಿಸಿದ ಚಟ್ನಿಯಂತೆ ಅದು. ಹಸಿ ಹಿಟ್ಟಿಗೆ ಸವರಿದರೆ ದೋಸೆ ಮೆತ್ತಗಾಗುತ್ತದೆ, ಅಂಚು ಬಿಡುವ ತನಕ ಕಾಯಬೇಕು ಎಂಬುದು ಇವರ ಶೋಧ. ಸಕ್ಕರೆ ಚಿಟಿಕೆ ಸಾಕು ಎಂಬುದು ಅವನದು. ಅವನಿಗೆ ಕನ್ನಡ ಬಾರದು, ಇವರ ಹಿಂದಿ ಅಷ್ಟಕ್ಕಷ್ಟೆ. ರುಚಿ ನೋಡಿ ತಲೆಯಾಡಿಸಿದ್ದೇ ಇಬ್ಬರ ಭಾಷೆ. ಗ್ರಂಥ ಹೊತ್ತು ಹೋದ ಭಿಕ್ಷುವೂ ಪರದೇಶದ ಅನುವಾದಕನೆದುರು ಕೂತು ಹೀಗೆಯೇ, ಇದಲ್ಲ, ಇದೂ ಅಲ್ಲ ಎಂದು ತಲೆಯಾಡಿಸಿರಬೇಕು. ನನ್ನ ಬಾಣಗಳಲ್ಲಿ ಆ ತಲೆಗಳು ಎಂದೂ ಇರಲಿಲ್ಲ. ದೋಸೆ ನನ್ನ ವಯಸ್ಸಿಗೆ ಖಾರ ಜಾಸ್ತಿ, ಆದರೆ ಬಹಳ ಚೆನ್ನಾಗಿತ್ತು. ಮುರಿಯುವಾಗ ಕೈ ತಪ್ಪಿ ಚಟ್ನಿ ಪಕ್ಕದಲ್ಲಿದ್ದ ನಕ್ಷೆಯ ಮೇಲೆ ಬಿತ್ತು.

ತಪ್ಪನ್ನು ತರಗತಿಯಲ್ಲೇ ತಿದ್ದುತ್ತೇನೆ, ಗುರುವಾರ ಮಗಳನ್ನು ಕಳಿಸಿ ಎಂದು ಬೇಡಿಕೊಂಡೆ. ಶ್ರಾವ್ಯ ಬಂದು ಬಾಗಿಲ ಬಳಿ ಕೂತಳು. ಕಲೆಯಾದ ನಕ್ಷೆಯನ್ನು ಬಿಡಿಸಿಟ್ಟು, ರುಚಿಯನ್ನೂ ನೋಡದೆ ನಗಾಡಿದೆ, ಅದು ಪಾಠವಲ್ಲ, ಸೊಕ್ಕು ಎಂದು ಎಲ್ಲರೆದುರು ಅವಳ ಕ್ಷಮೆ ಕೇಳಿದೆ. ಕೆಲಸ ಮುಗಿಯಿತೆಂದುಕೊಂಡೆ. ಗಂಟೆ ಹೊಡೆದ ಮೇಲೆ ಅವಳು ಮೇಜಿನ ಬಳಿ ನಿಂತು ತಡವರಿಸಿದಳು.

"ಸರ್, ನಿಮ್ದು ಮಾತಿಗೆ ಅಲ್ಲ. ಸಬ್ ಹಸೇ ನಾ... ಎಲ್ರ ಜೊತೆ ನಾನೂ ನಕ್ಕೆ. ಪಪ್ಪಾನ ದೋಸೆಗೆ ನಾನೇ ನಕ್ಕೆ. ಅದಕ್ಕೇ ಬರ್ಲಿಲ್ಲ."

ನಾನು ಕೇಳಿದ ಕ್ಷಮೆ ಅವಳ ಆ ನಗುವಿನವರೆಗೆ ತಲುಪುವಂಥದ್ದಲ್ಲ. ಅವಳು ಉಳಿದ ಪಾಠಗಳಿಗೆಲ್ಲ ಬಂದಳು, ಪರೀಕ್ಷೆಗೂ ಕೂತಳು.

ಈ ವರ್ಷ ಹೊಸ ತರಗತಿಯ ಮೊದಲ ದಿನ ಒಬ್ಬಳು ನಕ್ಷೆಯ ಕೆಂಪಿನ ಮೇಲೆ ಬೆರಳಿಟ್ಟು, ಇದು ಯಾರ ಸಾಮ್ರಾಜ್ಯ ಸರ್ ಎಂದಳು. ಉಳಿದವರು ನಕ್ಕರು. ನಾನು ನಕ್ಷೆಯನ್ನು ಮಡಿಚಿ ಕಂಕುಳಿಗೆ ಸಿಕ್ಕಿಸಿಕೊಂಡೆ.

"ನಡೀರಿ, ಸ್ಟೇಷನ್ ಎದುರಿಗೆ ಹೋಗಿ ಮೊದಲು ತಿಂದು ಬರೋಣ. ನಗೋದಿದ್ದರೆ ಆಮೇಲೆ ನಗಿ."