ಸ್ವರದ ಮೇಲಿನ ಚುಕ್ಕಿ

ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ ಚಿತ್ರದುರ್ಗದ ನಮ್ಮ ಪ್ರೆಸ್ಸು ಎಪ್ಪತ್ತರ ದಶಕದಲ್ಲಿ ಬೆಳೆದದ್ದು ಸಂಗೀತದ ಸ್ವರಪುಸ್ತಕಗಳಿಂದ. ಹೊಸದುರ್ಗ, ಹೊಳಲ್ಕೆರೆಯಿಂದಲೂ ಬೇಡಿಕೆ ಬಂದು ಎರಡನೇ ಮೆಷಿನ್ನು ತಂದೆವು. ಆ ಪುಸ್ತಕಗಳಲ್ಲಿ ಸರಿಗಮದ ಅಕ್ಷರದ ಮೇಲೆ ಚುಕ್ಕಿಯಿದ್ದರೆ ಆ ಸ್ವರವನ್ನು ಮೇಲಿನ ಸ್ಥಾಯಿಯಲ್ಲಿ ಹಾಡಬೇಕು.

ನಮ್ಮ ಪುಸ್ತಕದಿಂದಲೇ ಪಾಠ ಹೇಳುತ್ತಿದ್ದ ಹಿರಿಯೂರಿನ ಸಂಗೀತ ಶಾಲೆಯವರು ನನ್ನನ್ನು ಕರೆಸಿ, ಹಾರ ಹಾಕಿ, ಮುಂದೆ ಕೂರಿಸಿದರು. ಮೆಲ್ಲಗೆ ಹಾಡುತ್ತಿದ್ದ ಹುಡುಗಿಯರು ಸಾಲಿನ ನಡುವೆ ಒಮ್ಮೆಲೇ ಕಿರುಚಿದರು. ಪುಸ್ತಕ ತೆರೆದು ನೋಡಿದರೆ ಆ ಸ್ವರದ ಮೇಲೊಂದು ಕಪ್ಪು ಗುರುತು. ಅದು ಚುಕ್ಕಿಯಲ್ಲ, ಅಚ್ಚುಮೊಳೆಗೆ ಅಂಟಿದ್ದ ಮಸಿಯ ಕೊಳೆ! ಅಚ್ಚಾದದ್ದೆಲ್ಲ ವೇದವೇ ಇವರಿಗೆ? ನಾಚಿಕೆಯಿಂದ ಹಾರ ತೆಗೆದಿಟ್ಟು, ಎದ್ದು ನಿಂತು ತಪ್ಪು ನಮ್ಮದೆಂದೆ.

“ಬಿಡ್ರಿ, ಎಲ್ಲಾರ್ಗೂ ಬಾಯಿಪಾಠ ಆಗೈತೆ. ಚುಕ್ಕಿ ತೆಗೆದ್ರೆ ನಿಮ್ಮ ಪುಸ್ತಕನೇ ಬ್ಯಾಡ,” ಅಂದರು ಮೇಷ್ಟ್ರು.

ಮುಂದಿನ ಮುದ್ರಣದಲ್ಲಿ ಆ ಕೊಳೆಯಿದ್ದ ಜಾಗಕ್ಕೆ ನಾನೇ ಕೈಯಾರೆ ಚುಕ್ಕಿ ಜೋಡಿಸಿದೆ.